ಖಾಲಿ ತೂಕ

ಸುಟ್ಟ ಬ್ರೆಡ್ಡಿನ ತುಂಡು ಗುಮಾಸ್ತನ ಬಾಯಲ್ಲೇ ಉಳಿದಿತ್ತು. ಅಗಿಯುವ ಹಾಗಿಲ್ಲ, ಉಗಿಯುವ ಹಾಗೂ ಇಲ್ಲ. ಎದುರಿಗೆ ಕೂತ ಮಗಳು ತುಟಿಯ ಮೇಲೆ ಬೆರಳಿಟ್ಟು ಪ್ಲೈವುಡ್ ಗೋಡೆಯತ್ತ ಕಣ್ಣು ಹೊರಳಿಸಿದಳು. ಇಷ್ಟು ಹೊತ್ತು ಗೋಡೆಯಾಚೆ ನಡೆದಾಡುತ್ತಿದ್ದ ಹೆಜ್ಜೆ ನಿಂತುಬಿಟ್ಟಿತ್ತು. ಪಾತ್ರೆಯಿಂದ ಸೌಟು ಎತ್ತಿದ ಹೆಂಡತಿ ಅದನ್ನು ಹಾಗೇ ಹಿಡಿದುಕೊಂಡಿದ್ದಳು. ತುದಿಯಿಂದ ಹನಿ ಬಿದ್ದು ಸದ್ದಾದೀತೆಂದು ಕೆಳಗೆ ಅಂಗೈ ಒಡ್ಡಿದ್ದಳು. ಮೂಲೆಯಲ್ಲಿ ಅಕ್ಕಿ ಡಬ್ಬದ ಮೇಲೆ ಕೂತ ಅವನ ತಾಯಿ ಒಬ್ಬಳಿಗೇ ಯಾವ ತೊಂದರೆಯೂ ಇರಲಿಲ್ಲ. ಅವಳು ಬಾಳೆಹಣ್ಣು ತಿನ್ನುತ್ತಿದ್ದಳು.

ಆಚೆ ಬಚ್ಚಲ ಬಾಗಿಲು ತೆರೆಯಿತು. ನಲ್ಲಿ ತಿರುಗಿತು. ನಲ್ಲಿ ಹರಿಯುವಷ್ಟು ಹೊತ್ತು ಅಗಿಯಬಹುದು ಎಂಬುದು ಮನೆಯ ಹೊಸ ನಿಯಮ. ಮೂವರೂ ತಲೆ ತಗ್ಗಿಸಿ ಗಬಗಬ ಅಗಿದರು.

"ಬ್ರೆಡ್ ಸುಡಬೇಡ ಅಂತ ಹೇಳಿದ್ದೆ ಅಲ್ವಾ ಅಮ್ಮಾ," ಮಗಳು ಪಿಸುಗುಟ್ಟಿದಳು.

"ನಿಮ್ಮಪ್ಪನ ಹಲ್ಲಿಗೆ ಕೆಲಸ ಬೇಕಂತೆ."

"ಅವರು ಹೊರಗೆ ಹೋದಾಗ ತಿನ್ನಲಿ."

"ಅವಳು ಹೊರಗೆ ಹೋಗಿ ಹನ್ನೊಂದು ದಿನ ಆಯ್ತು," ಎಂದಳು ಮುದುಕಿ. "ನಮಗಿಂತ ಅವಳೇ ಗಟ್ಟಿಯಾಗಿ ಮನೆ ಹಿಡಿದು ಕೂತಿದ್ದಾಳೆ."

ನಲ್ಲಿ ನಿಂತಿತು. ನಾಲ್ಕೂ ಬಾಯಿ ಮುಚ್ಚಿದವು.

ಆ ಮನೆ ರೈಲುಡಬ್ಬಿಯ ಹಾಗೆ ಒಂದರ ಹಿಂದೆ ಒಂದು ಕೋಣೆ ಜೋಡಿಸಿಕೊಂಡು ನಿಂತಿತ್ತು. ಬೀದಿಗೆ ಮುಂದಿನ ಕೋಣೆ, ಆಮೇಲೆ ಬಚ್ಚಲು, ಆಮೇಲೆ ಊಟದ ಹಜಾರ, ಕೊನೆಗೆ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಸಾಮಾನು ಕೋಣೆ, ಹಿತ್ತಲ ಬಾಗಿಲು. ಹಜಾರಕ್ಕೂ ಅಡುಗೆಮನೆಗೂ ನಡುವೆ ಮೊದಲು ಗೋಡೆಯೇ ಇರಲಿಲ್ಲ. ಈಗಿರುವ ಪ್ಲೈವುಡ್ಡನ್ನು ಹೊಡೆದವನು ಗುಮಾಸ್ತನೇ. ಅದರ ಮಧ್ಯೆ ಒಂದು ಬಾಗಿಲಿಟ್ಟು, ಈ ಕಡೆಯಿಂದ ಚಿಲಕ ಹಾಕಿ, ಆ ಕಡೆಗೆ ಬಿಳಿ ಬಣ್ಣ ಬಳಿದು, 'ಉಗ್ರಾಣ, ಪ್ರವೇಶವಿಲ್ಲ' ಎಂದು ಮಗಳು ತಂದ ಹಲಗೆ ತೂಗುಹಾಕಿದ್ದ. ಆ ಉಗ್ರಾಣದೊಳಗೆ ಈಗ ಮೂರು ತಿಂಗಳಿಂದ ಸಂಸಾರ ನಡೆಯುತ್ತಿತ್ತು.

ಇದಕ್ಕೆಲ್ಲ ಮೂಲ ಗುಮಾಸ್ತ ಮಾಡಿದ ಒಂದು ತಪ್ಪು. ಅವನ ಕಸುಬಿನವನು ಮಾಡಲೇಬಾರದ ತಪ್ಪು.

ಅವನಿದ್ದದ್ದು ಹೆದ್ದಾರಿ ಪಕ್ಕದ ಲಾರಿ ತೂಕದ ಕಟ್ಟೆಯಲ್ಲಿ. ತುಂಬಿದ ಲಾರಿ ಉಕ್ಕಿನ ಹಾಸಿನ ಮೇಲೆ ಬಂದು ನಿಲ್ಲುತ್ತದೆ, ಅದು ತುಂಬಿದ ತೂಕ. ಸರಕು ಇಳಿಸಿ ಮತ್ತೆ ಬರುತ್ತದೆ, ಅದು ಖಾಲಿ ತೂಕ. ಒಂದರಿಂದ ಇನ್ನೊಂದನ್ನು ಕಳೆದರೆ ಸಿಕ್ಕಿದ್ದೇ ಸರಕು. ಇಪ್ಪತ್ತೆರಡು ವರ್ಷದಲ್ಲಿ ಖಾಲಿ ತೂಕ ನೋಡದೆ ಅವನು ಯಾರಿಗೂ ಚೀಟಿ ಹರಿದುಕೊಟ್ಟವನಲ್ಲ. ಲಾರಿಯವರು ಕೈಬಿಸಿ ಮಾಡಲು ಬಂದರೂ ಜಗ್ಗಿದವನಲ್ಲ. ಅಂಥವನು ಮಗಳ ವಿಷಯದಲ್ಲಿ ಬರೀ ತುಂಬಿದ ತೂಕ ನೋಡಿ ಸಹಿ ಹಾಕಿಬಿಟ್ಟ. ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿನ ನುಣುಪು ಪುಸ್ತಿಕೆಯಲ್ಲಿ ಆರಂಭದ ಸಂಬಳ ನಲವತ್ತು ಸಾವಿರ ಎಂದಿತ್ತು. ಹಡಗು, ವಿಮಾನ, ದೊಡ್ಡ ಟೋಪಿ ಹಾಕಿ ನಗುವ ಹುಡುಗಿಯರ ಚಿತ್ರಗಳಿದ್ದವು. ಆಗ ಹೆಂಡತಿ, ಇನ್ನೊಂದು ಸಲ ವಿಚಾರಿಸಿ ಎಂದಿದ್ದಳು. ವಿಚಾರಿಸುವುದೇನು, ಅಚ್ಚಾಗಿದೆಯಲ್ಲ ಎಂದು ಅವನು ಅವಳ ಬಾಯಿ ಮುಚ್ಚಿಸಿದ್ದ. ಮಗಳು ಬೇರೇನೋ ಓದುತ್ತೇನೆಂದಿದ್ದಳು. ಅದೇನೆಂದು ಅವನಿಗೀಗ ನೆನಪಿಲ್ಲ. ಕೇಳಲು ನಾಚಿಕೆ.

ಸಾಲ ಹನ್ನೊಂದು ಲಕ್ಷದ ಚಿಲ್ಲರೆ. ಮಗಳಿಗೆ ಹೋಟೆಲಿನ ಸ್ವಾಗತಕಟ್ಟೆಯಲ್ಲಿ ಸಿಕ್ಕಿದ್ದು ಹತ್ತೊಂಬತ್ತು ಸಾವಿರದ ಕೆಲಸ. ಮೊದಲ ಸಂಬಳ ಬಂದ ದಿನ ಅವನು ಹಳೆಯ ತೂಕದ ಚೀಟಿಯ ಬೆನ್ನಿನ ಮೇಲೆ ಲೆಕ್ಕ ಬರೆದ. ತುಂಬಿದ ತೂಕ ಹತ್ತೊಂಬತ್ತು ಸಾವಿರ. ಬ್ಯಾಂಕಿನ ಕಂತು ಹದಿನಾರು ಸಾವಿರದ ನಾನೂರು. ಬಸ್ಸು ಸಾವಿರದ ಇನ್ನೂರೈವತ್ತು. ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆಂದು ಹಿಡಿದುಕೊಂಡದ್ದು ಐನೂರು. ಹೋಟೆಲಿನವರು ಹೇಳಿದ ಬಣ್ಣದ ಲಿಪ್‌ಸ್ಟಿಕ್ಕು, ಹೇಳಿದ ಅಂಗಡಿಯ ಕಾಲುಚೀಲ, ಏಳುನೂರು. ಕಳೆದ. ಮತ್ತೊಮ್ಮೆ ಕಳೆದ. ನೂರೈವತ್ತು ಉಳಿಯಿತು. ಇನ್ನು ಎಂಟು ವರ್ಷ ಹತ್ತು ತಿಂಗಳು ಅವನ ಮಗಳ ತೂಕ ಅಷ್ಟೇ.

ಮುಂದಿನ ಕೋಣೆಯನ್ನು ಮೊಬೈಲ್ ಆ್ಯಪ್ ಮೂಲಕ ದಿನಬಾಡಿಗೆಗೆ ಕೊಡೋಣ ಎಂದು ಮಗಳು ಹೇಳಿದಾಗ ಅವನಿಗೆ ಬೇಡ ಎನ್ನಲು ಮುಖವಿರಲಿಲ್ಲ. ಮುಂದಿನ ಕೋಣೆ ಮುದುಕಿಯದು. ಅವಳು ತನ್ನ ಹಾಸಿಗೆ ಸುತ್ತಿಕೊಂಡು ಸಾಮಾನು ಕೋಣೆಗೆ ಹೋದಳು. ಮೊದಲು ಬಂದ ಗಂಡಹೆಂಡಿರು ಎರಡು ದಿನ ಇದ್ದು, ಕೋಣೆ ಸ್ವಚ್ಛ, ಆದರೆ ಮನೆಯಲ್ಲಿ ಜನ ಕಾಣಿಸುತ್ತಾರೆ ಎಂದು ಬರೆದು ಮೂರೇ ನಕ್ಷತ್ರ ಕೊಟ್ಟು ಹೋದರು. ಆವತ್ತು ಸಂಜೆ ಮಗಳು ತೋಳು ಮಡಚಿ ನಿಂತಳು. ಗೋಡೆಯ ಫೋಟೊ ಇಳಿದವು. ಬಾಗಿಲ ಬಳಿಯ ಚಪ್ಪಲಿ ಹಿತ್ತಲಿಗೆ ಹೋದವು. ಬಾಚಣಿಗೆಯ ಕೂದಲು, ಸೋಫಾದ ತಗ್ಗು, ಸ್ವಿಚ್ಚಿನ ಸುತ್ತ ಬೆರಳುಗಳ ಕೊಳೆ, ಕನ್ನಡಿಯ ಮೂಲೆಯಲ್ಲಿ ಅಂಟಿಸಿದ ಔಷಧದ ಚೀಟಿ, ಒಂದೊಂದೇ ಹೋಯಿತು. ಅತಿಥಿ ಬಾಗಿಲು ತೆಗೆದಾಗ ತನಗಿಂತ ಮೊದಲು ಇಲ್ಲಿ ಯಾರೂ ಉಸಿರಾಡಿಲ್ಲ ಎನ್ನಿಸಬೇಕು, ನಾಲ್ಕು ವರ್ಷ ನನಗೆ ಕಲಿಸಿದ್ದು ಇದನ್ನೇ ಎಂದು ಅವಳು ಹೇಳಿದಳು. ಹನ್ನೊಂದು ಲಕ್ಷದ ಪಾಠ ಕೊನೆಗೂ ಎಲ್ಲಿಯೋ ಉಪಯೋಗಕ್ಕೆ ಬಂತೆಂದು ಗುಮಾಸ್ತ ಬಕೆಟ್ ಹಿಡಿದು ಹಿಂದೆ ಹಿಂದೆ ಓಡಾಡಿದ.

ಆಮೇಲೆ ಇಡೀ ಮನೆಯೇ ಬಾಡಿಗೆಗೆ ಎಂದಾಯಿತು. ಮನೆಯವರು ಬೇರೆ ಕಡೆ ಇರುತ್ತಾರೆ ಎಂದು ಆ್ಯಪಿನಲ್ಲಿ ಬರೆಯಲಾಯಿತು. ಮೊದಲ ತಿಂಗಳು ಒಂಬತ್ತು ಸಾವಿರ ಬಂತು, ಮೂರನೆಯದರಲ್ಲಿ ಇಪ್ಪತ್ತೊಂದು. ಮಗಳು ಮನೆಯವರಿಗೆ ನಡೆಯಲು ಕಲಿಸಿದಳು, ಪಾದದ ಹೊರಅಂಚಿನ ಮೇಲೆ. ಪಾತ್ರೆಗಳ ನಡುವೆ ಬಟ್ಟೆಯ ತುಂಡು ಇಡಿಸಿದಳು. ಸೌತೆಕಾಯಿ, ಹುರಿದ ಬೀಜ, ಬಿಸ್ಕತ್ತು ನಿಂತವು. ಬೇಯಿಸಿದ ಆಲೂಗಡ್ಡೆ, ಮೆತ್ತಗಿನ ಅನ್ನ, ಮೊಟ್ಟೆ, ಹಣ್ಣು ಉಳಿದವು. ಕೆಮ್ಮು ಬಂದರೆ ಮಡಚಿದ ಟವೆಲ್ಲಿನೊಳಗೆ.

"ಸತ್ತ ಮೇಲೆ ಹೇಗೂ ಇರಬೇಕಾದ್ದು," ಎಂದಿದ್ದಳು ಮುದುಕಿ. "ಮುಂಚೆನೇ ಅಭ್ಯಾಸ ಮಾಡಿಸ್ತಿದ್ದಾಳೆ ಮೊಮ್ಮಗಳು. ಅಲ್ಲಿಗೆ ಹೋದಾಗ ನನಗೇ ಮೊದಲ ರ‍್ಯಾಂಕು."

ಆಗ ಎಲ್ಲರೂ ನಕ್ಕಿದ್ದರು. ಟವೆಲ್ಲಿನೊಳಗೆ.

ಈಗಿರುವ ಅತಿಥಿ ಬಂದದ್ದು ಒಂದು ವಾರಕ್ಕೆಂದು. ಅರುವತ್ತರ ಆಸುಪಾಸಿನ ಹೆಂಗಸು, ಒಂಟಿ, ಬೂದು ಬಣ್ಣದ ಕೋಟು, ಒಂದೇ ಪೆಟ್ಟಿಗೆ. ಬೀಗದ ಕೈ ಕೊಟ್ಟ ಮಗಳ ಹೊರತು ಯಾರೂ ಅವಳ ಮುಖ ನೋಡಿರಲಿಲ್ಲ. ವಾರ ಮೂರಾಯಿತು. ಊಟ ತರಿಸಿಕೊಳ್ಳುತ್ತಿದ್ದಳು. ಫೋನಿನಲ್ಲಿ ಮಾತಾಡುತ್ತಿರಲಿಲ್ಲ, ಟಿವಿ ಹಾಕುತ್ತಿರಲಿಲ್ಲ. ಸುಮ್ಮನೆ ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಳು, ಆಗಾಗ ನಿಲ್ಲುತ್ತಿದ್ದಳು. ನಿಂತಾಗ ಪ್ಲೈವುಡ್ಡಿನ ಹತ್ತಿರವೇ ನಿಲ್ಲುತ್ತಾಳೆ ಎನ್ನುವುದನ್ನು ಮೊದಲು ಗಮನಿಸಿದವಳು ಹೆಂಡತಿ. ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಇಸ್ತ್ರಿ ಮಾಡುವವಳು ಅವಳು, ಬಟ್ಟೆಯ ಮೇಲಿನ ಸುಕ್ಕಿನಿಂದಲೇ ಮನುಷ್ಯನ ಚರ್ಯೆ ಹೇಳಬಲ್ಲಳು. ಹಾಸಿಗೆಯ ಹೊದಿಕೆ ಬದಲಾಯಿಸಲು ಕೊಟ್ಟಾಗ ಹೊಸದರ ಹಾಗೇ ವಾಪಸು ಬರುತ್ತದೆ, ಈಕೆ ಮಲಗುತ್ತಾಳೋ ಇಲ್ಲವೋ ಎಂದಳು.

ಅವಳು ಹೊರಗೆ ಹೋಗದ ಹನ್ನೆರಡನೆಯ ದಿನ ಬೆಳಿಗ್ಗೆ ಮುದುಕಿಯ ಟವೆಲ್ ಜಾರಿ ಕೆಮ್ಮು ಹೊರಬಿತ್ತು. ಒಂದೇ ಒಂದು. ಕೆಲಸಕ್ಕೆ ಹೊರಟಿದ್ದ ಗುಮಾಸ್ತ ಹಿತ್ತಲ ಬಾಗಿಲಲ್ಲೇ ನಿಂತ. ಆಚೆ ಕಡೆ ಏನೂ ಕೇಳಲಿಲ್ಲ. ಮಧ್ಯಾಹ್ನ ಹಿಂತಿರುಗಿ ಬಂದಾಗ ಹೆಂಡತಿ ಪ್ಲೈವುಡ್ ಬಾಗಿಲ ಕೆಳಗೆ ಬೆರಳು ತೋರಿಸಿದಳು. ಸಂದಿಯಿಂದ ಈಚೆಗೆ ಒಂದು ಚಿಕ್ಕ ತಟ್ಟೆ ತೂರಿಸಿದ್ದರು. ಅದರ ಮೇಲೆ ಮಲಗಿಸಿದ ಕೆಮ್ಮಿನ ಔಷಧದ ಬಾಟಲಿ, ಪಕ್ಕದಲ್ಲಿ ಚಮಚ.

"ಮುಟ್ಟಬೇಡ ಅಮ್ಮ," ಎಂದ ಅವನು.

"ಆಗಲೇ ಎರಡು ಚಮಚ ಕುಡಿದೆ," ಎಂದಳು ತಾಯಿ. "ಸಿಹಿ ಇದೆ."

ಅಂದು ಸಂಜೆ ಮಗಳ ಫೋನಿಗೆ ಸಂದೇಶ ಬಂತು. ಅವಳು ಹೋಟೆಲಿನ ಸಮವಸ್ತ್ರದಲ್ಲೇ ಕೂತು ಪಿಸುಮಾತಿನಲ್ಲಿ ಓದಿದಳು. 'ಈ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಎಂಟೂವರೆಗೆ ಊಟ ಮಾಡುತ್ತಾರೆ. ಒಬ್ಬರಿಗೆ ಕೆಮ್ಮು. ನಿಮಗೆ ಗೊತ್ತಿದೆಯೋ ಇಲ್ಲವೋ ತಿಳಿಯದು. ದಯವಿಟ್ಟು ಅವರನ್ನು ಓಡಿಸಬೇಡಿ. ನಾನು ಇನ್ನೂ ಒಂದು ತಿಂಗಳು ಇರುತ್ತೇನೆ.'

ಹೆಂಡತಿ ಕೇಳಿದಳು, ನಮ್ಮನ್ನು ಏನೆಂದುಕೊಂಡಿದ್ದಾಳೆ ಅವಳು? ಮಗಳು ಫೋನು ಮಗುಚಿಟ್ಟಳು. ಅವಳ ತುಟಿ ಸ್ವಾಗತಕಟ್ಟೆಯಲ್ಲಿರುವ ಹಾಗೇ ಎರಡೂ ಕಡೆ ಒಂದೇ ಅಳತೆಗೆ ಎತ್ತಿಕೊಂಡಿತ್ತು. ಈಚೆಗೆ ಅದು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಮಲಗಿದಾಗಲೂ ಹಾಗೇ ಇರುತ್ತದೆ, ನೋಡಲು ಭಯವಾಗುತ್ತದೆ ಎಂದು ಹೆಂಡತಿ ಒಮ್ಮೆ ಹೇಳಿದ್ದಳು.

ಮರುದಿನದಿಂದ ಎಂಟೂವರೆಗೆ ಸರಿಯಾಗಿ ಆಚೆಯ ಊಟದ ಮೇಜಿನ ಮೇಲೆ ತಟ್ಟೆ ಇಡುವ ಸದ್ದು ಬರತೊಡಗಿತು. ಗುಮಾಸ್ತ ಪ್ಲೈವುಡ್ಡಿನ ಸೀಳಿಗೆ ಕಣ್ಣಿಟ್ಟ. ಹೆಂಗಸಿನ ಬೆನ್ನು ಕಂಡಿತು. ಮೇಜಿನ ಮೇಲೆ ಐದು ತಟ್ಟೆ. ಒಂದರಲ್ಲಿ ಅವಳು ಉಣ್ಣುತ್ತಿದ್ದಳು. ಮೇಜಿನ ತಲೆಗೆ ಅವನು ಯಾವಾಗಲೂ ಕೂರುತ್ತಿದ್ದ ಕುರ್ಚಿಯನ್ನು, ಒಬ್ಬ ಮನುಷ್ಯ ಕೂರಲು ಬೇಕಾಗುವಷ್ಟೇ ಹಿಂದಕ್ಕೆ ಎಳೆದಿಟ್ಟಿದ್ದಳು. ಅವನು ಕಣ್ಣು ತೆಗೆದು ತನ್ನ ಆಲೂಗಡ್ಡೆ ನುಂಗಿದ.

ಆ ವಾರ ತೂಕದ ಕಟ್ಟೆಯಲ್ಲೊಂದು ಸಂಗತಿ ನಡೆಯಿತು. ಲಾರಿ ಡ್ರೈವರ್ ಒಬ್ಬ ಕಿಟಕಿಯೊಳಗೆ ತಲೆ ಹಾಕಿ, "ಯಜಮಾನ್ರೆ, ತೂಕ ನನಗೆ ಹೇಳ್ತಿದ್ದೀರೋ, ನಿಮಗೆ ನೀವೇ ಹೇಳ್ಕೊತಿದ್ದೀರೋ?" ಎಂದ. ಗುಮಾಸ್ತ ಮೈಕಿನಲ್ಲೂ ಪಿಸುಗುಟ್ಟುತ್ತಿದ್ದ. ಅದು ಅವನಿಗೇ ಗೊತ್ತಿರಲಿಲ್ಲ. ಮಧ್ಯಾಹ್ನ ಯಂತ್ರ ಪರೀಕ್ಷೆಯವನು ಬಂದಿದ್ದ. ಪ್ರತಿ ಸಲವೂ ಅವನೆದುರು ಗುಮಾಸ್ತ ತಮಾಷೆಗೆಂದು ಹಾಸಿನ ಮೇಲೆ ನಿಲ್ಲುವುದು, ಫಲಕದಲ್ಲಿ ಅರುವತ್ತು ಎಂದು ಬರುವುದು, ಇಬ್ಬರೂ ಟೀ ಕುಡಿಯುವುದು ವಾಡಿಕೆ. ಈ ಸಲ ನಿಂತ. ಫಲಕ ಸೊನ್ನೆ ತೋರಿಸಿತು. ನಿಂತೇ ಇದ್ದ. ಸೊನ್ನೆಯೇ.

ಪರೀಕ್ಷೆಯವನು ತಲೆ ಕೆರೆದುಕೊಂಡ. ಹಾಸಿನ ಮೇಲೆ ಧೂಳು, ಕೆಸರು, ಮಳೆನೀರು ಮೆಲ್ಲಗೆ ಕೂತರೆ ಯಂತ್ರ ಅದನ್ನು ತಾನೇ ಸೊನ್ನೆ ಎಂದುಕೊಳ್ಳುತ್ತದೆ, ಇಲ್ಲದಿದ್ದರೆ ಕೆಸರನ್ನೂ ಸರಕಿನ ಲೆಕ್ಕಕ್ಕೆ ಸೇರಿಸಿಬಿಡುತ್ತದಲ್ಲ ಎಂದು ವಿವರಿಸಿದ. "ಆದ್ರೆ ಮನುಷ್ಯ ಹಾಗೆ ಹತ್ತೋದನ್ನ ನಾನು ನೋಡಿಲ್ಲ. ನೀವು ಹೇಗ್ರೀ ಹತ್ತಿದ್ರಿ?"

ಗುಮಾಸ್ತ ಕಾಲು ನೋಡಿಕೊಂಡ. ಪಾದದ ಹೊರಅಂಚಿನ ಮೇಲೆ ನಿಂತಿದ್ದ.

ಟೀ ಕುಡಿಯಲಿಲ್ಲ.

ತಿಂಗಳ ಕೊನೆಗೆ ಪ್ಲೈವುಡ್ ಬಾಗಿಲ ಸಂದಿಯಿಂದ ಒಂದು ಲಕೋಟೆ ಬಂತು. ಮೇಲೆ ಹೆಸರಿರಲಿಲ್ಲ. ಒಳಗಿನ ಕಾಗದವನ್ನು ಮಗಳು ಮೂರು ಸಲ ಓದಿ, ಆಮೇಲೆ ಮನೆಯವರಿಗೆ ಹೇಳಿದಳು. ಆಕೆಗೆ ಮನೆ ಮೂರು ವರ್ಷಕ್ಕೆ ಬೇಕು. ಮೂರು ವರ್ಷದ ಹಣ ಒಟ್ಟಿಗೆ, ಮುಂಗಡ, ಹನ್ನೊಂದು ಲಕ್ಷ ಇಪ್ಪತ್ತು ಸಾವಿರ. ಷರತ್ತು ಒಂದೇ. ಈಗ ಇರುವವರು ಇರಬೇಕು. ಈಗ ಇರುವ ಹಾಗೇ ಇರಬೇಕು. ಕಾಣಬಾರದು.

ಆಮೇಲೆ ನಾಲ್ಕು ಜನರೂ ತಲೆ ಹತ್ತಿರ ತಂದು ಪಿಸುಪಿಸು ಜಗಳಕ್ಕಿಳಿದರು. ಹೆಂಡತಿ ಒಪ್ಪಿದಳು. ಹೇಗೂ ಹೀಗೇ ಇದ್ದೇವಲ್ಲ, ಇದರ ಮೇಲೆ ಇನ್ನೇನು ಕಳೆದುಕೊಳ್ಳುವುದಿದೆ, ಬ್ಯಾಂಕಿನವನ ಮುಖಕ್ಕೆ ದುಡ್ಡು ಎಸೆದು ಬಂದುಬಿಡೋಣ ಎಂದಳು. ಮೂರು ವರ್ಷ ನಾನಿರುತ್ತೇನೆಂದು ಯಾರು ಬರೆದುಕೊಟ್ಟಿದ್ದಾರೆ ಎಂದು ಮುದುಕಿ ಕೇಳಿದಳು. ನಾಲ್ಕು ಜನ ಎಂದು ಎಣಿಸಿದ್ದಾಳೆ, ನಾಳೆ ಮೂರಾದರೆ ದುಡ್ಡು ವಾಪಸು ಕೇಳಿದರೆ?

"ಅತ್ತೆ ಕೆಮ್ಮೋದನ್ನ ನಾನು ಕಲಿತ್ಕೋತೀನಿ," ಎಂದಳು ಹೆಂಡತಿ.

ಅವಳು ಟವೆಲ್ ತೆಗೆದುಕೊಂಡು ಕೆಮ್ಮಿದಳು. ಮುದುಕಿ ತಲೆಯಾಡಿಸಿ, ಹಾಗಲ್ಲ, ಎದೆಯಿಂದ ಬರಬೇಕು, ಕೊನೆಗೆ ಸ್ವಲ್ಪ ಎಳೀಬೇಕು ಎಂದು ಕೆಮ್ಮಿ ತೋರಿಸಿದಳು. ಹೆಂಡತಿ ಮತ್ತೆ ಕೆಮ್ಮಿದಳು. ಈ ಸಲ ಯಾರದ್ದು ಯಾವುದೆಂದು ಗುಮಾಸ್ತನಿಗೆ ತಿಳಿಯಲಿಲ್ಲ. ಆಚೆ ಕಡೆಯಿಂದ ಪ್ಲೈವುಡ್ಡಿನ ಮೇಲೆ ಬೆರಳಿನಿಂದ ಮೂರು ಸಲ ಮೆಲ್ಲಗೆ ತಟ್ಟಿದ್ದು ಕೇಳಿಸಿತು, ಮಗುವನ್ನು ಸಮಾಧಾನ ಮಾಡುವ ಹಾಗೆ.

ಮಗಳು ಅವನ ಕಿವಿಯ ಹತ್ತಿರ ಬಂದಳು. "ಅಪ್ಪ, ಇದೊಂದು ಆದ್ರೆ ನಾನು ಹೋಟೆಲ್ ಬಿಡ್ತೀನಿ. ಮುಖ ನೋಯುತ್ತೆ."

"ಎಲ್ಲಿ ನೋಯುತ್ತೆ?"

"ಇಲ್ಲಿ." ಕೆನ್ನೆಯ ಎರಡೂ ಬದಿ ಮುಟ್ಟಿ ತೋರಿಸಿದಳು. "ಬಿಡ್ಸೋಕೆ ಆಗ್ತಿಲ್ಲ."

ಅವನು ಒಪ್ಪಿಕೊಂಡ. ಖಾಲಿ ತೂಕ ನೋಡದೆ ಸಹಿ ಹಾಕಿದವನಿಗೆ ಬೇರೆ ದಾರಿಯೇನಿತ್ತು? ಮನೆ ಅವನ ಹೆಸರಿನಲ್ಲಿತ್ತು. ಶನಿವಾರ ರಾತ್ರಿ ಎಂಟೂವರೆಗೆ ಸಹಿ ಎಂದು ನಿಗದಿಯಾಯಿತು.

ಶನಿವಾರ ಮಧ್ಯಾಹ್ನ ಆ ಹೆಂಗಸು ಇಷ್ಟು ದಿನದ ಮೇಲೆ ಹೊರಗೆ ಹೋದಳು, ಬ್ಯಾಂಕಿಗೆ. ಮುಂದಿನ ಬಾಗಿಲಿಗೆ ಬೀಗ ಬಿದ್ದ ಸದ್ದು ನಾಲ್ವರೂ ಕೇಳಿದರು. ಮನೆ ಪೂರ್ತಿ ಖಾಲಿ, ಪೂರ್ತಿ ಅವರದು, ಒಂದೆರಡು ಗಂಟೆಯ ಮಟ್ಟಿಗೆ. ಗುಮಾಸ್ತ ಸೌತೆಕಾಯಿ ಕತ್ತರಿಸಿ ಮಧ್ಯದಲ್ಲಿಟ್ಟ. ಯಾರೂ ಮುಟ್ಟಲಿಲ್ಲ. ಮಗಳು ಒಲೆಯ ಮುಂದೆ ನಿಂತು ಮೊಟ್ಟೆ ಹುರಿಯುತ್ತಿದ್ದವಳು ಬಾಣಲೆಯ ಬಿಸಿ ಅಂಚಿಗೆ ಅರಿಯದೆ ಮುಂಗೈ ಒತ್ತಿಬಿಟ್ಟಳು. ಚರ್ಮ ಚುರ್ರೆಂದಿದ್ದು ಕೇಳಿಸಿತು. ಅವಳ ಬಾಯಿ ಅಷ್ಟಗಲ ತೆರೆಯಿತು, ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಸದ್ದು ಬರಲಿಲ್ಲ. ಒಂದಿಷ್ಟೂ ಬರಲಿಲ್ಲ.

"ಕೂಗೇ," ಎಂದ ಗುಮಾಸ್ತ. "ಯಾರೂ ಇಲ್ಲ ಆ ಕಡೆ. ಕೂಗು."

ಅವಳು ತಲೆಯಾಡಿಸಿದಳು. ತೆರೆದ ಬಾಯಿ ಹಾಗೇ ತೆರೆದಿತ್ತು. ಹೆಂಡತಿ ಕೈಗೆ ನೀರು ಹಾಕಿದಳು, ಸಣ್ಣ ಧಾರೆಯಲ್ಲಿ, ಸದ್ದಾಗದಂತೆ. ಮುದುಕಿ ಮುಲಾಮು ಹುಡುಕಲು ಎದ್ದಳು, ಪಾದದ ಹೊರಅಂಚಿನ ಮೇಲೆ. ಕೂಗು ಎಂದು ಹೇಳಿದ ತಾನೂ ಪಿಸುಗುಟ್ಟಿಯೇ ಹೇಳಿದ್ದೆನೆಂದು ಅವನಿಗೆ ಆಗ ತಿಳಿಯಿತು. ಮಗಳು ಚಿಕ್ಕವಳಿದ್ದಾಗ ಜೋರಾಗಿ ಅಳುತ್ತಿದ್ದುದನ್ನು ನೆನಪಿಸಿಕೊಳ್ಳಲು ನೋಡಿದ. ಮುಖ ನೆನಪಾಯಿತು, ಉದುರಿದ ಹಲ್ಲು ನೆನಪಾಯಿತು. ಸ್ವರ ನೆನಪಾಗಲಿಲ್ಲ.

ಎಂಟೂವರೆಗೆ ಆಚೆ ತಟ್ಟೆಗಳು ಮೇಜಿನ ಮೇಲೆ ಕೂತವು. ಮಗಳು ಸಮವಸ್ತ್ರ ಹಾಕಿಕೊಂಡು, ಕೈಯ ಪಟ್ಟಿಯ ಮೇಲೆ ತೋಳು ಎಳೆದುಕೊಂಡು, ಹಿತ್ತಲಿಂದ ಸುತ್ತಿ ಬೀದಿಯ ಬಾಗಿಲಿನಿಂದ ಒಳಗೆ ಹೋದಳು. ಅವಳ ಪಿಸುಮಾತು, ಕಾಗದ ಬಿಡಿಸಿದ ಸದ್ದು ಕೇಳಿಸಿತು. ಆಮೇಲೆ ಬಾಗಿಲ ಮೇಲೆ ಮೂರು ಸಲ ಬೆರಳು ಬಡಿಯಿತು. ಕಾಗದವನ್ನು ಸಂದಿಯಿಂದಲೇ ತೂರಿಸುತ್ತಾಳೆ, ಅಲ್ಲೇ ಸಹಿ ಹಾಕಿ ಎಂದು ಹೆಂಡತಿ ಪೆನ್ನು ಮುಂದೆ ಹಿಡಿದಳು.

ಗುಮಾಸ್ತ ಚಿಲಕ ತೆಗೆದ.

ನಾಲ್ಕು ತಿಂಗಳ ಮೇಲೆ ಅವನು ತನ್ನ ಹಜಾರಕ್ಕೆ ಕಾಲಿಟ್ಟ. ಅಂಗಾಲು ಪೂರ್ತಿ ಊರಿ ನಡೆದ. ನೆಲದ ಹಲಗೆ ಒಂದೊಂದೂ ಕಿರುಗುಟ್ಟಿತು. ದೀಪದ ಕೆಳಗೆ ಕೂತ ಹೆಂಗಸು ತಲೆ ಎತ್ತಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಅವಳ ಮುಖ ಕೆಟ್ಟದಾಗಿರಲಿಲ್ಲ, ತುಂಬ ದಿನ ಯಾರೊಡನೆಯೂ ಮಾತಾಡದವರ ಮುಖದ ಹಾಗಿತ್ತು. ಮೇಜಿನ ತಲೆಯಲ್ಲಿ ಕುರ್ಚಿ ಹಿಂದಕ್ಕೆ ಎಳೆದಿತ್ತು. ಅದರ ಮುಂದಿನ ತಟ್ಟೆಯಲ್ಲಿ ಬಿಸಿ ಊಟ, ಪಕ್ಕದಲ್ಲಿ ಚೆಕ್ಕು, ಚೆಕ್ಕಿನ ಮೇಲೆ ಹಾರದಂತೆ ಚಮಚ.

"ಕೂತ್ಕೊಳ್ಳಿ," ಎಂದಳು ಗೋಡೆಗೆ. "ಹೆದರಬೇಡಿ. ನಾನು ನಿಮ್ಮನ್ನ ನೋಡಲ್ಲ."

ಬೆರಳ ತುದಿಯಿಂದ ಚೆಕ್ಕನ್ನು ಖಾಲಿ ಕುರ್ಚಿಯ ಕಡೆಗೆ ಇನ್ನೊಂದಿಷ್ಟು ಸರಿಸಿದಳು. ಅದರ ಮೇಲಿನ ಅಂಕಿಗಳನ್ನು ಗುಮಾಸ್ತ ಎಡದಿಂದ ಬಲಕ್ಕೆ ಓದಿದ, ವೃತ್ತಿಯ ಅಭ್ಯಾಸದಂತೆ ಇನ್ನೊಮ್ಮೆ ಓದಿದ. ಎಲ್ಲ ಸರಿಯಿತ್ತು. ಅದನ್ನು ಬಿಟ್ಟರೆ ಬ್ಯಾಂಕಿನ ಕಂತು ಇನ್ನು ಎಂಟೂವರೆ ವರ್ಷ. ಕುರ್ಚಿಯ ಹಿಂದೆ ಮಗಳು ಕಾಗದ ಹಿಡಿದು ನಿಂತಿದ್ದಳು, ತುಟಿಯ ಎರಡು ತುದಿಗಳು ಒಂದೇ ಎತ್ತರಕ್ಕೆ ಏರಿದ್ದವು, ಕಣ್ಣುಗಳು ಅಪ್ಪನನ್ನು ಬೇಡಿಕೊಳ್ಳುತ್ತಿದ್ದವು.

"ಸೈನ್ ಮಾಡಿ ಅಪ್ಪ," ಎಂದು ತುಟಿಯಲ್ಲಷ್ಟೇ ಹೇಳಿದಳು.

ಅವಳ ತೋಳಿನ ಅಂಚಿನಿಂದ ಇಣುಕಿದ ಸುಟ್ಟಗಾಯದ ಪಟ್ಟಿಯನ್ನು ನೋಡಿ ಗುಮಾಸ್ತ ಚಮಚ ಎತ್ತಿ ಬದಿಗಿಟ್ಟ. ಚೆಕ್ಕನ್ನು ತೆಗೆದು ಹೆಂಗಸಿನ ಮುಂದಿಟ್ಟ. ಅವಳು ಗೋಡೆಯಿಂದ ಕಣ್ಣು ತೆಗೆಯಲಿಲ್ಲ.

"ಆಗಲ್ಲ," ಎಂದ ಅವನು. ಬೀದಿಯಾಚೆಗೂ ಕೇಳುವಷ್ಟು ಜೋರಾಗಿತ್ತು ಅದು.

"ಹೆಚ್ಚು ಬೇಕಿದ್ರೆ ಹೇಳಿ," ಎಂದಳು ಹೆಂಗಸು.

"ಬೇಡ. ಎಷ್ಟು ಕೊಟ್ರೂ ಬೇಡ."